ಮೂರನೆಯ ನೊರೆ: ಲೋಹಗಾಂವ್ ದಿಬ್ಬದಿಂದ ಭೀಮೆಯ ದಂಡೆಗೆ



ದತ್ತಿ ಉಪನ್ಯಾಸವೆಂದರೆ ಸಾಹಿತ್ಯವನ್ನೋ ಶಾಸನವನ್ನೋ ಕುರಿತ ಮಾತು ಎಂಬ ನಿರೀಕ್ಷೆ ಸಹಜ. ನಾನು ಮೂವತ್ತು ವರ್ಷ ಪುಣೆಯಲ್ಲಿ ರಸಾಯನಶಾಸ್ತ್ರ ಕಲಿಸಿದವನು. ಕವಿಗಳ ಬಗ್ಗೆ ಮಾತಾಡಿದರೆ ಸಭೆಯಲ್ಲಿರುವ ಕವಿಗಳು ಬೇಸರಪಟ್ಟುಕೊಂಡಾರು. ಆದ್ದರಿಂದ ನನಗೆ ಗೊತ್ತಿರುವ ನೀರಿನ ಕಡೆಗೇ ಬರುತ್ತೇನೆ.

ನನ್ನ ಹುಟ್ಟೂರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮೆಯ ದಂಡೆಯ ಮೇಲೆ. ಹುಡುಗನಾಗಿದ್ದಾಗ ಸೊಲ್ಲಾಪುರಕ್ಕೆ ಬಂದು, ರಾತ್ರಿಯ ರೈಲು ಹಿಡಿದು ಪುಣೆಗೆ ಬಂದೆ. ಊರಿನಿಂದ ಪುಣೆಗೆ ಬಂದದ್ದೆಂದರೆ ನದಿಗೆ ಎದುರುಮುಖವಾಗಿ ಬಂದದ್ದು ಎಂಬುದು ಹೊಳೆದದ್ದು ಮಾತ್ರ ನಿವೃತ್ತಿಯ ನಂತರ. ನಾನು ಇಲ್ಲಿ ಬಚ್ಚಲಿಗೆ ಬಿಟ್ಟ ನೀರು ನನ್ನ ತಮ್ಮನ ಹೊಲದ ಕಡೆಗೇ ಹೊರಟಿರುತ್ತದೆ. ಇವತ್ತಿನ ಮಾತೆಲ್ಲ ಈ ದಾರಿಯ ಮೇಲೆಯೇ.

ವಿಷಯ ಇಷ್ಟು: ವಿಮಾನ ನಿಲ್ದಾಣಗಳಲ್ಲಿ ಬೆಂಕಿ ಆರಿಸಲು ಬಳಸುವ ಒಂದು ಬಗೆಯ ನೊರೆ, ಅದರಲ್ಲಿರುವ ಅಳಿಯದ ಫ್ಲೋರಿನ್ ಸಂಯುಕ್ತಗಳು, ಅವು ಹಳ್ಳಕ್ಕೆ ಇಳಿದಾಗ ಆಗುವುದೇನು. ಮೊದಲು ನೊರೆಯ ಮಾತು, ಆಮೇಲೆ ಅದರೊಳಗಿನ ರಸಾಯನ, ಅದಾದ ಮೇಲೆ ಹೊರದೇಶದ ಎರಡು ಊರುಗಳು. ಕೊನೆಗೆ ನಮ್ಮ ಲೋಹಗಾಂವ್ ದಿಬ್ಬ ಮತ್ತು ಅದರ ಕೆಳಗಿನ ನದಿಗಳು. ಈ ಕೊನೆಯ ಭಾಗದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಕ್ಷಮಿಸಬೇಕು.

ನೊರೆ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಬೆಂಗಳೂರಿನ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳು. ಕೋಡಿಯಿಂದ ಎದ್ದ ನೊರೆ ಗಾಳಿಗೆ ಹಾರಿ ರಸ್ತೆಗೆ ಬಂದು ಸ್ಕೂಟರಿನವರ ಮುಖಕ್ಕೆ ಅಂಟುತ್ತಿತ್ತು. 2017ರ ಫೆಬ್ರವರಿಯಲ್ಲೂ 2018ರ ಜನವರಿಯಲ್ಲೂ ಬೆಳ್ಳಂದೂರು ಕೆರೆ ಹೊತ್ತಿ ಉರಿಯಿತು. ಎರಡನೆಯ ಸಲ ಆರಿಸಲು ಸೇನೆಯವರೇ ಬರಬೇಕಾಯಿತು. ನೀರಿಗೆ ಬೆಂಕಿ ಬಿದ್ದರೆ ಯಾರನ್ನು ಕರೆಯುವುದು ಎಂದು ನಮ್ಮ ಹಿರಿಯರು ಕೇಳುತ್ತಿದ್ದದ್ದು ಬರೀ ಮಾತಿಗೆ; ಬೆಂಗಳೂರು ಅದಕ್ಕೆ ಉತ್ತರವನ್ನೇ ಕೊಟ್ಟಿತು.

ಪುಣೆಯವರು ಕಾಣುವ ನೊರೆ ಆಳಂದಿಯದು. ಕಾರ್ತಿಕ ಏಕಾದಶಿಯ ಆಸುಪಾಸಿನಲ್ಲಿ ವಾರಕರಿಗಳು ಇಂದ್ರಾಯಣಿಯಲ್ಲಿ ಮೀಯಲು ಇಳಿಯುವ ಹೊತ್ತಿಗೆ ಬಂಧಾರದ ಕೆಳಗೆ ಬಿಳಿಯ ಗುಡ್ಡೆಗಳು ತೇಲುತ್ತಿರುತ್ತವೆ, ಮರುದಿನದ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಸೋಪು, ಡಿಟರ್ಜೆಂಟು, ಶುದ್ಧಿಯಾಗದ ಒಳಚರಂಡಿ, ಕಾರ್ಖಾನೆಯ ನೀರು ಎಲ್ಲ ಸೇರಿ ಬಂಧಾರದ ಮೇಲಿಂದ ಧುಮುಕಿದಾಗ ಕಡೆಗೋಲಿಗೆ ಸಿಕ್ಕ ಮಜ್ಜಿಗೆಯ ಹಾಗೆ ನೊರೆಯಾಗುತ್ತದೆ. ಈ ಎರಡೂ ನೊರೆಗಳು ಕೆಟ್ಟವೇ. ಆದರೂ ಅವುಗಳಿಗೆ ಒಂದು ಗುಣವಿದೆ: ಕಣ್ಣಿಗೆ ಕಾಣುತ್ತವೆ. ಕಂಡದ್ದಕ್ಕೆ ಜನ ಕೂಗುತ್ತಾರೆ, ನ್ಯಾಯಾಲಯಗಳು ಕೇಳುತ್ತವೆ, ಶುದ್ಧೀಕರಣ ಘಟಕಗಳು ಏಳುತ್ತವೆ.

ನಾನು ಹೇಳಹೊರಟಿರುವುದು ಮೂರನೆಯ ನೊರೆಯ ಕಥೆ. ಅದನ್ನು ನಾನು ಹತ್ತಿರದಿಂದ ನೋಡಿದ್ದು ತೊಂಬತ್ತರ ದಶಕದಲ್ಲಿ, ಪುಣೆಯ ಹೊರವಲಯದ ಒಂದು ಕಾರ್ಖಾನೆಯಲ್ಲಿ. ಹೆಸರು ಬೇಡ. ವರ್ಷಕ್ಕೊಮ್ಮೆ ಬೆಂಕಿ ಆರಿಸುವ ಕಸರತ್ತು ಇಟ್ಟುಕೊಳ್ಳುತ್ತಿದ್ದರು. ರಸಾಯನದ ಮೇಷ್ಟ್ರೆಂದು ನನಗೂ ಆಹ್ವಾನ ಬಂದಿತ್ತು, ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಕಬ್ಬಿಣದ ದೊಡ್ಡ ತಟ್ಟೆಯಲ್ಲಿ ಡೀಸೆಲ್ ಸುರಿದು ಬೆಂಕಿ ಹಚ್ಚಿದರು. ಕರಿಹೊಗೆ ತೆಂಗಿನಮರದೆತ್ತರ ಎದ್ದಿತು. ಒಬ್ಬಾತ ಪೈಪು ಹಿಡಿದು ನೊರೆ ಬಿಟ್ಟ. ಹಾಲಿನ ಕೆನೆಯ ಹಾಗೆ ಅದು ಉರಿಯ ಮೇಲೆ ಹರಡಿತು, ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಬೆಂಕಿ ಸತ್ತೇಹೋಯಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮಕ್ಕಳು ನೊರೆಯನ್ನು ಬೊಗಸೆಯಲ್ಲಿ ಎತ್ತಿ ಒಬ್ಬರಿಗೊಬ್ಬರು ಎರಚಿಕೊಂಡರು. ಚಹಾ ಮುಗಿಯುವಷ್ಟರಲ್ಲಿ ಇಬ್ಬರು ಕೆಲಸಗಾರರು ಬಂದು ಅಂಗಳವನ್ನು ನೀರು ಹೊಡೆದು ತೊಳೆದರು. ನೊರೆ ಮಳೆನೀರಿನ ಗಟಾರಕ್ಕೆ ಇಳಿಯಿತು, ಗಟಾರ ಹಳ್ಳಕ್ಕೆ. ಅಂಗಳ ಸ್ವಚ್ಛವಾಯಿತೆಂದು ನಾನೇ ಮೆಚ್ಚಿಕೊಂಡಿದ್ದೆ. ಮೇಷ್ಟ್ರಾಗಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ಅವತ್ತು ಕೇಳಲಿಲ್ಲ.

ಆ ನೊರೆಯೊಳಗೆ ಏನಿತ್ತು? ಇದೇ ನನ್ನ ಎರಡನೆಯ ಭಾಗ.

ಕಡಾಯಿಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದೆಂದು ಅಡುಗೆಮನೆಯಲ್ಲಿ ನಿಂತವರಿಗೆಲ್ಲ ಗೊತ್ತು. ನೀರು ತಳಕ್ಕೆ ಹೋಗುತ್ತದೆ, ಎಣ್ಣೆ ಮೇಲೆ ತೇಲುತ್ತ ಇನ್ನಷ್ಟು ಭುಗಿಲೇಳುತ್ತದೆ. ಪೆಟ್ರೋಲು, ವಿಮಾನದ ಇಂಧನ ಎಲ್ಲಕ್ಕೂ ಇದೇ ಗತಿ. ಹಗುರವಾದ ಎಣ್ಣೆಯ ಮೇಲೆ ಭಾರವಾದ ನೀರನ್ನು ತೆಳ್ಳಗೆ ಹಾಸುವುದು ಹೇಗೆ ಎಂಬುದು ಅಗ್ನಿಶಾಮಕರ ಹಳೆಯ ತಲೆನೋವು. ಅದಕ್ಕೆ ಉಪಾಯವಾಗಿ ಒದಗಿಬಂದದ್ದು ಫ್ಲೋರಿನ್.

ಇಂಥ ಫ್ಲೋರಿನ್ ಸಂಯುಕ್ತಗಳಲ್ಲೊಂದು ಸಿಕ್ಕಿದ್ದೇ ಆಕಸ್ಮಿಕವಾಗಿ. 1938ರ ಏಪ್ರಿಲ್‌ನಲ್ಲಿ ಡ್ಯುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಎಂಬ ತರುಣ ರಸಾಯನಜ್ಞ ಅನಿಲದ ಸಿಲಿಂಡರ್ ತಿರುಗಿಸಿದರೆ ಅನಿಲ ಬರಲಿಲ್ಲ. ಸಿಲಿಂಡರನ್ನು ಕೊಯ್ದು ನೋಡಿದಾಗ ಒಳಗೆ ಬಿಳಿಯ ಮೇಣದಂಥ ಪುಡಿ. ಮುಂದೆ ಅದೇ ಟೆಫ್ಲಾನ್ ಆಗಿ ನಮ್ಮ ದೋಸೆಯ ಹಂಚಿನವರೆಗೂ ಬಂತು. ಇಂಗಾಲದ ಸರಪಳಿಗೆ ಫ್ಲೋರಿನ್ ಪರಮಾಣುಗಳನ್ನು ಜೋಡಿಸಿದ ಇಂಥ ಸಾವಿರಾರು ವಸ್ತುಗಳು ಈಗ ಇವೆ. ಒಟ್ಟು ಬಳಗಕ್ಕೆ ಪೀಫಾಸ್ ಎಂದು ಹೆಸರು. ಅದರಲ್ಲಿ ಹೆಚ್ಚು ಕುಖ್ಯಾತಿ ಪಡೆದವು ಪಿಎಫ್‌ಒಎಸ್ ಮತ್ತು ಪಿಎಫ್‌ಒಎ. ಇಂಗಾಲ ಮತ್ತು ಫ್ಲೋರಿನ್ ನಡುವಿನ ಬಂಧ ಸಾವಯವ ರಸಾಯನದಲ್ಲೇ ಅತ್ಯಂತ ಬಲವಾದ ಒಂಟಿ ಬಂಧ. ಬಿಸಿಲಿಗೆ ಒಡೆಯದು, ನೀರಿಗೆ ಕರಗಿ ಹೋದರೂ ಕಳಚದು, ಯಾವ ಸೂಕ್ಷ್ಮಜೀವಿಯೂ ಅದನ್ನು ಪೂರ್ತಿ ತಿಂದು ಮುಗಿಸದು. 2018ರಿಂದ ಇಂಗ್ಲಿಷ್ ಪತ್ರಿಕೆಗಳು ಇವನ್ನು ಶಾಶ್ವತ ರಾಸಾಯನಿಕಗಳೆಂದು ಕರೆಯುತ್ತಿವೆ. ಚಿರಂಜೀವಿ ಎನ್ನೋಣವೆಂದರೆ ಅದು ನಮ್ಮಲ್ಲಿ ಮಕ್ಕಳನ್ನು ಹರಸುವ ಮಾತು. ಹೆಸರು ಬೇಕೇ ಬೇಕೆಂದರೆ ಅಶ್ವತ್ಥಾಮ ಎನ್ನಬಹುದು. ಸಾವಿಲ್ಲದಿರುವುದೇ ಅವನಿಗೆ ಸಿಕ್ಕ ಶಾಪ.

ಪಿಎಫ್‌ಒಎಸ್‌ನ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆಗೆ ನೀರು ಇಷ್ಟ. ಬಾಲಕ್ಕೆ ನೀರೂ ಬೇಡ, ಎಣ್ಣೆಯೂ ಬೇಡ. ಹೀಗಾಗಿ ಅದು ನೀರಿನ ಮೇಲ್ಮೈಯಲ್ಲಿ ಬಾಲ ಮೇಲೆತ್ತಿ ಸಾಲಾಗಿ ನಿಂತುಬಿಡುತ್ತದೆ. ನೀರಿನ ಮೇಲ್ಮೈ ಬಿಗಿತ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಂಥ ನೀರು ಪೆಟ್ರೋಲಿನ ಮೇಲೆ ಕೆನೆಯಂತೆ ಹರಡಿ, ಆವಿ ಮೇಲೇಳದಂತೆ ಮುಚ್ಚುತ್ತದೆ. ಅಮೆರಿಕದ ನೌಕಾಪಡೆಯ ಸಂಶೋಧನಾಲಯ ಅರವತ್ತರ ದಶಕದಲ್ಲಿ ಈ ನೊರೆಯನ್ನು ರೂಪಿಸಿತು. 1967ರ ಜುಲೈ 29ರಂದು ವಿಯೆಟ್ನಾಂ ಕಡಲಿನಲ್ಲಿ ಫಾರೆಸ್ಟಲ್ ಎಂಬ ವಿಮಾನವಾಹಕ ನೌಕೆಯ ಮೇಲೆ ರಾಕೆಟ್ಟೊಂದು ತಾನಾಗಿ ಸಿಡಿದು, ಇಂಧನ ಹೊತ್ತಿಕೊಂಡು, 134 ನಾವಿಕರು ಸತ್ತರು. ಅದಾದ ಮೇಲೆ ಈ ನೊರೆ ನೌಕೆಗಳಿಗೆ, ವಾಯುನೆಲೆಗಳಿಗೆ, ಅಲ್ಲಿಂದ ಲೋಕದ ವಿಮಾನ ನಿಲ್ದಾಣಗಳಿಗೆಲ್ಲ ಹಬ್ಬಿತು.

ಇದನ್ನು ಹೇಳುವಾಗ ನನ್ನ ಮನಸ್ಸು ಒಂದೇ ಕಡೆ ವಾಲುವುದಿಲ್ಲ. 2010ರ ಮೇ 22ರ ಬೆಳಗ್ಗೆ ಮಂಗಳೂರಿನ ಕೆಂಜಾರಿನಲ್ಲಿ ದುಬೈ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು, ಬದುಕಿದವರು ಎಂಟೇ ಜನ. ಈ ಸಭೆಯಲ್ಲೂ ಆ ದಿನ ಯಾರನ್ನೋ ಕಳೆದುಕೊಂಡವರು ಇರಬಹುದು. ಅವಘಡ ಆದೊಡನೆ ರನ್‌ವೇಯ ಯಾವ ತುದಿಗಾದರೂ ಮೂರು ನಿಮಿಷದೊಳಗೆ ಅಗ್ನಿಶಾಮಕ ವಾಹನ ಮುಟ್ಟಬೇಕು, ನೊರೆ ಬಿಡಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಆ ಮೂರು ನಿಮಿಷದಲ್ಲಿ ಉಳಿಯುವ ಜೀವಗಳ ಮುಂದೆ ಹಳ್ಳದ ನೀರಿನ ಮಾತು ಸಣ್ಣದೆನಿಸುತ್ತದೆ. ಆದರೆ ಅಂಥ ದಿನ ಬರುವುದು ದಶಕಕ್ಕೊಮ್ಮೆ. ಅದಕ್ಕಾಗಿ ನಡೆಸುವ ಅಭ್ಯಾಸ, ವಾಹನದ ತಪಾಸಣೆ, ಅವಧಿ ಮುಗಿದ ದ್ರಾವಣವನ್ನು ಚೆಲ್ಲುವುದು ಇವೆಲ್ಲ ವರ್ಷವಿಡೀ ನಡೆಯುತ್ತವೆ. ಜಗತ್ತಿನ ನಿಲ್ದಾಣಗಳ ಬಳಿ ಹೊಳೆ, ಬಾವಿ ಕೆಟ್ಟದ್ದು ಹೆಚ್ಚಾಗಿ ಅವಘಡಗಳಿಂದಲ್ಲ, ಅಭ್ಯಾಸಗಳಿಂದ.

ಇಲ್ಲಿ ಒಂದು ಗೊಂದಲ ಬಿಡಿಸಿ ಮುಂದೆ ಹೋಗುತ್ತೇನೆ. ಪಾವಗಡ, ಕೊಪ್ಪಳ, ರಾಯಚೂರು ಕಡೆಯವರು ಫ್ಲೋರಿನ್ ಎಂದರೆ ಹಲ್ಲು ಕಂದಾಗುವ, ಮೊಣಕಾಲು ಸೊಟ್ಟಗಾಗುವ ಫ್ಲೋರೈಡ್ ರೋಗವೆಂದು ತಿಳಿಯುತ್ತಾರೆ. ಅದು ಬೇರೆ, ಇದು ಬೇರೆ. ಫ್ಲೋರೈಡ್ ಬಂಡೆಯಿಂದ ನೀರಿಗೆ ಬರುವ ಲವಣ. ಪೀಫಾಸ್ ಮನುಷ್ಯ ಮಾಡಿದ್ದು. ಫ್ಲೋರೈಡಿಗೆ ನಮ್ಮ ಮಾನಕ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದರೆ ಒಂದೂವರೆ. ಪಿಎಫ್‌ಒಎಸ್‌ಗೆ ಅಮೆರಿಕದ ಪರಿಸರ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಹಾಕಿದ ಮಿತಿ ಲೀಟರಿಗೆ 4 ನ್ಯಾನೊಗ್ರಾಂ. ಮಿಲಿಗ್ರಾಮಿಗೂ ನ್ಯಾನೊಗ್ರಾಮಿಗೂ ಹತ್ತು ಲಕ್ಷ ಪಟ್ಟು ಅಂತರ. ಯುರೋಪು ಇಪ್ಪತ್ತು ಬಗೆಯ ಪೀಫಾಸ್ ಒಟ್ಟು ಸೇರಿ 100 ನ್ಯಾನೊಗ್ರಾಂ ದಾಟಬಾರದೆಂದಿದೆ.

ನಾಲ್ಕು ನ್ಯಾನೊಗ್ರಾಂ ಎಂದರೆ ಎಷ್ಟು? ಮೇಷ್ಟ್ರ ಹಳೆಯ ಚಾಳಿ, ಲೆಕ್ಕ ಮಾಡಿಯೇ ತೋರಿಸುತ್ತೇನೆ. ನಾವು ಕುಡಿಯುವ ಖಡಕವಾಸಲಾ ಜಲಾಶಯದಲ್ಲಿ ಬಳಕೆಗೆ ಸಿಗುವ ನೀರು ಸುಮಾರು 2 ಟಿಎಂಸಿ, ಅಂದರೆ 5,600 ಕೋಟಿ ಲೀಟರ್. ಅಷ್ಟೂ ನೀರನ್ನು 4 ನ್ಯಾನೊಗ್ರಾಂ ಮಟ್ಟಕ್ಕೆ ತರಲು ಬೇಕಾದ ಪಿಎಫ್‌ಒಎಸ್ ಸುಮಾರು 225 ಗ್ರಾಂ. ಒಂದು ಚಹಾಪುಡಿಯ ಪೊಟ್ಟಣ. ಹಳೆಯ ಕಾಲದ ನೊರೆದ್ರಾವಣದಲ್ಲಿ ಪಿಎಫ್‌ಒಎಸ್ ನೂರಕ್ಕೆ ಒಂದು ಪಾಲಿನ ಆಸುಪಾಸಿನಲ್ಲಿ ಇರುತ್ತಿತ್ತು. ಕಚೇರಿಗಳಲ್ಲಿ ತಲೆಕೆಳಗಾಗಿ ನಿಲ್ಲಿಸುವ ಇಪ್ಪತ್ತು ಲೀಟರಿನ ನೀರಿನ ಜಾರನ್ನು ನೆನೆಯಿರಿ. ಅಷ್ಟೇ ಗಾತ್ರದ ಒಂದು ಕ್ಯಾನ್ ದ್ರಾವಣ ಹೆಚ್ಚುಕಡಿಮೆ ಒಂದು ಖಡಕವಾಸಲಾಕ್ಕೆ ಸಾಕು. ಖಡಕವಾಸಲಾ ನಮ್ಮ ನಿಲ್ದಾಣಕ್ಕಿಂತ ಬಹಳ ಮೇಲುಗಡೆ ಇದೆ, ಅಲ್ಲಿಗೆ ಈ ನೊರೆ ಹೋಗುವ ಭಯವಿಲ್ಲ. ಅಳತೆ ಮನಸ್ಸಿಗೆ ಇಳಿಯಲೆಂದು ಹೇಳಿದೆ.

ಈಗ ಮೂರನೆಯ ಭಾಗ, ಹೊರದೇಶದ ಎರಡು ಊರುಗಳು.

ಮೊದಲನೆಯದು ಕೆನಡಾದ ಟೊರಾಂಟೊ. ಅಲ್ಲಿ ನೆಲೆಸಿದ ನಮ್ಮವರನ್ನು ನೋಡಲು ಹೋಗುವಾಗ ನಾವು ಇಳಿಯುವ ಪಿಯರ್ಸನ್ ನಿಲ್ದಾಣದಲ್ಲಿ 2000ದ ಜೂನ್‌ನಲ್ಲಿ ಅಗ್ನಿಶಾಮಕ ವ್ಯವಸ್ಥೆ ಕೈಕೊಟ್ಟು, ಬೆಂಕಿಯೇ ಇಲ್ಲದೆ 22,000 ಲೀಟರ್ ನೊರೆ ಸುರಿದುಹೋಯಿತು. ಪಕ್ಕದ ಎಟೊಬಿಕೊ ಹೊಳೆಗೆ ಸೇರಿ ಒಂಟಾರಿಯೊ ಸರೋವರದತ್ತ ಹರಿಯಿತು. ಮುಂದಿನ ಐದು ತಿಂಗಳು ನೀರು ಅಳೆದವರಿಗೆ ಹೊಳೆಯಲ್ಲಿ ಲೀಟರಿಗೆ 2,260 ಮೈಕ್ರೊಗ್ರಾಂವರೆಗೆ ಈ ವಸ್ತುಗಳು ಸಿಕ್ಕವು. ಮೀನಿನ ಯಕೃತ್ತಿನಲ್ಲೂ ಸಿಕ್ಕವು. ಒಂಬತ್ತು ವರ್ಷ ಬಿಟ್ಟು ಹೋಗಿ ನೋಡಿದಾಗ ಹೊಳೆಯ ನೀರು ಎಷ್ಟೋ ಸಲ ಬದಲಾಗಿತ್ತು, ಕೆಸರಿನಲ್ಲಿ ಪಿಎಫ್‌ಒಎಸ್ ಇನ್ನೂ ಇತ್ತು.

ಎರಡನೆಯದು ಸ್ವೀಡನ್ನಿನ ರೊನ್ನೆಬಿ. ಇದನ್ನು ಲೋಹಗಾಂವ್‌ನ ಜೊತೆ ಇಟ್ಟು ಕೇಳಿ. ಊರ ಪಕ್ಕದ ಕಲ್ಲಿಂಗೆಯಲ್ಲಿ ವಾಯುಸೇನೆಯ ನೆಲೆ, ಅಲ್ಲೇ ನಾಗರಿಕ ವಿಮಾನಗಳೂ ಇಳಿಯುತ್ತವೆ. ಎಂಬತ್ತರ ದಶಕದಿಂದ ಅಗ್ನಿಶಾಮಕರು ಈ ನೊರೆಯಿಂದ ಅಭ್ಯಾಸ ಮಾಡುತ್ತಿದ್ದರು. ನೊರೆ ನೆಲಕ್ಕಿಳಿದು, ಅಂತರ್ಜಲ ಸೇರಿ, ಊರಿನ ಮೂರನೆಯ ಒಂದು ಪಾಲು ಜನಕ್ಕೆ ನೀರು ಕೊಡುವ ಬ್ರಾಂಟಾಫೋರ್ಸ್ ನೀರಿನ ಘಟಕಕ್ಕೆ ಬಂತು. 2013ರ ಡಿಸೆಂಬರ್‌ನಲ್ಲಿ ಅಳೆದಾಗ ಪಿಎಫ್‌ಒಎಸ್ ಒಂದೇ ಲೀಟರಿಗೆ 8,000 ನ್ಯಾನೊಗ್ರಾಂ. ಘಟಕವನ್ನು ಆಗಲೇ ಮುಚ್ಚಿದರು. ಅಷ್ಟು ಕಾಲ ಆ ನೀರು ಕುಡಿದವರಿಗೆ ಬಣ್ಣ, ವಾಸನೆ, ರುಚಿ ಏನೂ ಗೊತ್ತಾಗಿರಲಿಲ್ಲ.

ಮುಚ್ಚಿದ ಮೇಲೆ ವಿಜ್ಞಾನಿಗಳು ಊರಿನವರ ರಕ್ತ ತೆಗೆದು ವರ್ಷ ವರ್ಷವೂ ಪರೀಕ್ಷಿಸಿದರು. ಹೊಸದಾಗಿ ಒಂದು ಹನಿಯೂ ಸೇರದಿದ್ದರೂ ಮೈಯಲ್ಲಿರುವ ಪಿಎಫ್‌ಒಎಸ್ ಅರ್ಧಕ್ಕೆ ಇಳಿಯಲು 3.4 ವರ್ಷ, ನೊರೆಯಲ್ಲೇ ಇರುವ ಅದರ ಒಬ್ಬ ಸೋದರ ಪಿಎಫ್‌ಎಚ್ಎಕ್ಸ್‌ಎಸ್ ಎಂಬುದಕ್ಕೆ 5.3 ವರ್ಷ. ತಿಂದ ಔಷಧಿ ಗಂಟೆಗಳಲ್ಲಿ ಇಳಿಯುವುದನ್ನು ನೋಡಿದ ನಮಗೆ ಇದು ಬೇರೆಯೇ ಕಾಲಮಾನ. ಕಡೆಗೆ ನೂರೈವತ್ತಕ್ಕೂ ಹೆಚ್ಚು ಜನ ಊರಿನ ನೀರಿನ ಕಂಪನಿಯ ಮೇಲೆ ದಾವೆ ಹೂಡಿದರು. ರೋಗ ಬಂದಿದೆಯೇ ಎಂಬ ಪ್ರಶ್ನೆಗೆ ಕೆಳಗಿನ ನ್ಯಾಯಾಲಯಗಳು ತೂಗಾಡಿದವು. 2023ರ ಡಿಸೆಂಬರ್ 5ರಂದು ಸ್ವೀಡನ್ನಿನ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು: ಇಂಥ ವಸ್ತು ಇಷ್ಟು ಪ್ರಮಾಣದಲ್ಲಿ ರಕ್ತದಲ್ಲಿ ಸೇರಿರುವುದೇ ದೈಹಿಕ ಹಾನಿ, ರೋಗ ಬರುವವರೆಗೆ ಕಾಯಬೇಕಿಲ್ಲ. ಕಾನೂನು ಓದಿದವರು ಈ ತೀರ್ಪನ್ನು ಒಮ್ಮೆ ನೋಡಬೇಕು.

ರೋಗದ ಮಾತು ಒಂದೆರಡು ವಾಕ್ಯದಲ್ಲಿ ಮುಗಿಸುತ್ತೇನೆ, ಹೆದರಿಸುವುದು ನನ್ನ ಉದ್ದೇಶವಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಟೆಫ್ಲಾನ್ ಕಾರ್ಖಾನೆಯ ಸುತ್ತಲಿನ ಸುಮಾರು 69,000 ಜನರನ್ನು ಪರೀಕ್ಷಿಸಿದ ವಿಜ್ಞಾನಿಗಳು ಪಿಎಫ್‌ಒಎಗೂ ಮೂತ್ರಪಿಂಡ ಮತ್ತು ವೃಷಣದ ಕ್ಯಾನ್ಸರ್, ಥೈರಾಯ್ಡ್, ಕೊಲೆಸ್ಟರಾಲ್ ಏರಿಕೆ, ಗರ್ಭಿಣಿಯರ ರಕ್ತದೊತ್ತಡ, ಕರುಳಿನ ಉರಿಯೂತಕ್ಕೂ ನಂಟಿರುವ ಸಂಭವ ಹೆಚ್ಚು ಎಂದರು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಪಿಎಫ್‌ಒಎಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿತು.

ಇನ್ನು ನಮ್ಮ ಮನೆಗೆ ಬರೋಣ.

ಲೋಹಗಾಂವ್ ಒಂದು ದಿಬ್ಬ. ಸಮುದ್ರಮಟ್ಟದಿಂದ ಸುಮಾರು 590 ಮೀಟರ್. ಬ್ರಿಟಿಷರು 1939ರಲ್ಲಿ ಅಲ್ಲಿ ವಾಯುನೆಲೆ ಕಟ್ಟಿದರು. ಈಗಲೂ ರನ್‌ವೇ ವಾಯುಸೇನೆಯದು, ನಾವು ಹತ್ತುವ ನಾಗರಿಕ ವಿಮಾನಗಳು ನೆಲೆಯ ಮೂಲೆಯೊಂದನ್ನು ಬಳಸುತ್ತವೆ. ಹೊಸ ಟರ್ಮಿನಲ್ 2024ರಲ್ಲಿ ತೆರೆಯಿತು. ವಾಯುನೆಲೆಗೂ ಮುನ್ನೂರು ವರ್ಷ ಹಿಂದೆ ಈ ಊರು ಸಂತ ತುಕಾರಾಮರ ತಾಯಿಯ ತವರೆಂದು ಹೆಸರಾಗಿತ್ತು. ತುಕಾರಾಮರ ಅಭಂಗಗಳನ್ನು ಇಂದ್ರಾಯಣಿಯಲ್ಲಿ ಮುಳುಗಿಸಿದರೆಂದೂ, ಹದಿಮೂರು ದಿನಕ್ಕೆ ನದಿ ಅವನ್ನು ನೆನೆಯದ ಹಾಳೆಗಳಾಗಿ ಮೇಲೆ ತಂದುಕೊಟ್ಟಿತೆಂದೂ ಅವರ ಊರಾದ ದೇಹುವಿನಲ್ಲಿ ಹೇಳುತ್ತಾರೆ. ನೀರಿಗೆ ನೆನೆಯದ್ದು, ಮುಳುಗಿಸಿದರೂ ಮತ್ತೆ ಮೇಲೆ ಬರುವುದು ಎಂದಾಗ ರಸಾಯನದ ಮೇಷ್ಟ್ರಿಗೆ ಬೇರೆ ವಸ್ತುವೇ ನೆನಪಾಗುತ್ತದೆ. ವಾರಕರಿಗಳು ಕ್ಷಮಿಸಲಿ.

ಈ ದಿಬ್ಬದ ನೀರು ಎರಡು ದಿಕ್ಕಿಗೆ ಇಳಿಯುತ್ತದೆ. ದಕ್ಷಿಣದ ಇಳಿಜಾರಿನ ನಾಲೆಗಳು ವಿಮಾನ್ ನಗರ, ಖರಾಡಿಗಳ ಕಡೆಯಿಂದ ಮುಳಾ-ಮುಠಾ ಸೇರುತ್ತವೆ. ಉತ್ತರದ ಇಳಿಜಾರು ಇಂದ್ರಾಯಣಿಯ ಕಡೆಗೆ. ಇಂದ್ರಾಯಣಿ ತುಳಾಪುರದಲ್ಲಿ ಭೀಮೆಗೆ ಸೇರುತ್ತದೆ, ಮುಳಾ-ಮುಠಾ ರಾಂಜಣಗಾಂವ್ ಸಾಂಡಸದಲ್ಲಿ. ಅಂದರೆ ರನ್‌ವೇಯ ಮೇಲೆ ಬಿದ್ದ ಮಳೆಹನಿ ಯಾವ ಕಡೆ ಉರುಳಿದರೂ ಸೇರುವುದು ಭೀಮೆಯನ್ನೇ. ದಿಬ್ಬದ ಕೆಳಗಿರುವುದು ದಖ್ಖನಿನ ಕಪ್ಪು ಬಸಾಲ್ಟ್. ಅದರ ಬಿರುಕುಗಳಲ್ಲಿ ನೀರು ಎತ್ತ ಹೋಗುತ್ತದೆಂದು ಮೇಲಿಂದ ಕಾಣುವುದಿಲ್ಲ. ಲೋಹಗಾಂವ್, ವಾಘೋಲಿಗಳ ಹೊಸ ಸೊಸೈಟಿಗಳು ಬೇಸಿಗೆಯಲ್ಲಿ ಬದುಕುವುದು ಬೋರ್‌ವೆಲ್ ಮತ್ತು ಟ್ಯಾಂಕರುಗಳ ಮೇಲೆ.

ಮುಳಾ-ಮುಠಾದ ನೀರು ನದಿಯಲ್ಲೇ ಉಳಿಯುವುದಿಲ್ಲ. ಮುಂಢವಾದ ಜಾಕ್‌ವೆಲ್‌ನಿಂದ ಎತ್ತಿ ಬೇಬಿ ಕಾಲುವೆಗೆ ಬಿಟ್ಟ ನೀರು ದೌಂಡ್ ಕಡೆಯ ಹೊಲಗಳಿಗೆ ಹೋಗುತ್ತದೆ. ಉಳಿದದ್ದು ಥೇವೂರಿನ ಚಿಂತಾಮಣಿಯ ಮುಂದೆ ಹಾದು ಭೀಮೆಗೆ, ಅಲ್ಲಿಂದ ಉಜನಿ ಅಣೆಕಟ್ಟಿಗೆ. ಉಜನಿಯ ಹಿನ್ನೀರಿನ ಭಿಗವಣದಲ್ಲಿ ಚಳಿಗಾಲದಲ್ಲಿ ರಾಜಹಂಸಗಳನ್ನು ನೋಡಲು ಪುಣೆಯ ಕಾರುಗಳು ಸಾಲುಗಟ್ಟುತ್ತವೆ. ಮರಳಿ ಬರುವಾಗ ಹೆದ್ದಾರಿಯ ಖಾನಾವಳಿಯಲ್ಲಿ ಚಿಲಾಪಿ ಮೀನಿನ ಊಟ. ಉಜನಿಯಲ್ಲಿ ತುಂಬಿದಾಗ 117 ಟಿಎಂಸಿ ನೀರು. ಅಷ್ಟರಲ್ಲಿ ಯಾವುದಾದರೂ ತೆಳುವಾಗಿ ಹೋಗುತ್ತದೆ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಪಿಎಫ್‌ಒಎಸ್ ಮೀನಿನ ಮೈಯಲ್ಲಿ ನೀರಿನಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಒಟ್ಟಾಗಬಲ್ಲದು. ನೀರಿನ ಲೆಕ್ಕ ಮೀನಿಗೆ ನಡೆಯುವುದಿಲ್ಲ.

ಉಜನಿಯಿಂದ ಪಂಢರಪುರ, ಅಲ್ಲಿ ಭೀಮೆಗೆ ಚಂದ್ರಭಾಗಾ ಎಂಬ ಹೆಸರು. ಆಮೇಲೆ ಸೊಲ್ಲಾಪುರದ ನಲ್ಲಿಗಳು. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಮನೆಗಳಲ್ಲಿ ಕುಡಿಯುವುದು ಇದೇ ನೀರನ್ನು. ಧೂಳಖೇಡದ ಸೇತುವೆ ದಾಟಿದರೆ ಕರ್ನಾಟಕ. ಮುಂದೆ ಅಫಜಲಪುರ, ಸೊನ್ನ ಬ್ಯಾರೇಜು, ದೇವಲ ಗಾಣಗಾಪುರದ ಸಂಗಮ, ಅಶೋಕನ ಶಾಸನಗಳ ಸನ್ನತಿ, ಯಾದಗಿರಿ, ಕೊನೆಗೆ ರಾಯಚೂರಿನ ಬಳಿ ಕೃಷ್ಣೆ. ಒಟ್ಟು 861 ಕಿಲೋಮೀಟರಿನ ಹೊಳೆ. ಎರಡು ರಾಜ್ಯಗಳು ಭೀಮೆಯ ವಿಷಯದಲ್ಲಿ ಯಾವಾಗಲೂ ಜಗಳವಾಡುವುದು ಎಷ್ಟು ಟಿಎಂಸಿ ಬಿಟ್ಟಿರಿ ಎಂದು. ಬಿಟ್ಟ ನೀರಿನಲ್ಲಿ ಏನಿತ್ತೆಂದು ಕೇಳಿದ ಸಭೆಯನ್ನು ನಾನು ನೋಡಿಲ್ಲ.

ಲೋಹಗಾಂವ್‌ನಿಂದ ನೊರೆ ಹರಿದಿದೆ ಎಂದು ನಾನು ಯಾರ ಮೇಲೂ ಆರೋಪ ಹೊರಿಸುತ್ತಿಲ್ಲ. ಪೀಫಾಸ್ ಬರುವ ದಾರಿ ನಿಲ್ದಾಣವೊಂದೇ ಅಲ್ಲ. ಕ್ರೋಮ್ ಪ್ಲೇಟಿಂಗ್ ಘಟಕಗಳಲ್ಲಿ ಆಮ್ಲದ ಆವಿ ಏಳದಂತೆ ಪಿಎಫ್‌ಒಎಸ್ ಬಳಸುವ ರೂಢಿ ಜಗತ್ತಿನಾದ್ಯಂತ ಇತ್ತು, ನೀರು ಹೀರದ ಬಟ್ಟೆ, ಎಣ್ಣೆ ಹೀರದ ಕಾಗದ, ಹಳೆಯ ಕಸದ ಗುಡ್ಡ ಎಲ್ಲದರಿಂದಲೂ ಬರುತ್ತದೆ. ಗಂಗಾನದಿಯ ಉದ್ದಕ್ಕೂ ತೆಗೆದ ಮಾದರಿಗಳಲ್ಲಿ ಪೀಫಾಸ್ ಸಿಕ್ಕಿದ್ದನ್ನು 2016ರಲ್ಲಿ ಪ್ರಕಟಿಸಿದರು. ಗಂಗೆಯ ಡಾಲ್ಫಿನ್‌ಗಳಲ್ಲಿ ಸಿಕ್ಕ ವರದಿ ಅದಕ್ಕೂ ಮೊದಲಿನದು. ಚೆನ್ನೈನಲ್ಲಿ ವಿಮಾನ ನಿಲ್ದಾಣದ ಎರಡನೆಯ ರನ್‌ವೇ ಅಡ್ಯಾರ್ ನದಿಯ ಮೇಲೆಯೇ ಹಾದುಹೋಗುತ್ತದೆ. ಆ ಅಡ್ಯಾರಿನಲ್ಲೂ, ಊರಿಗೆ ನೀರು ಕೊಡುವ ಚೆಂಬರಂಬಾಕ್ಕಂ ಕೆರೆಯಲ್ಲೂ ಐಐಟಿ ಮದ್ರಾಸಿನವರು ಪೀಫಾಸ್ ಅಳೆದರು, ವಿಷಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠದ ಮುಂದೆ ಬಂತು. ಅಲ್ಲಿ ಅಳೆದರು, ಆದ್ದರಿಂದ ಚರ್ಚೆಯಾಯಿತು.

ನಮ್ಮ ನದಿಗಳ ದಿನನಿತ್ಯದ ತಪಾಸಣೆಯ ಪಟ್ಟಿಯಲ್ಲಿ ಆಮ್ಲಜನಕ, ಬಿಒಡಿ, ಆಮ್ಲೀಯತೆ, ಕೋಲಿಫಾರ್ಮ್ ಇವೆ. ಪೀಫಾಸ್ ಇಲ್ಲ. ಕುಡಿಯುವ ನೀರಿನ 2012ರ ಭಾರತೀಯ ಮಾನಕದಲ್ಲೂ ಅದಕ್ಕೆ ಮಿತಿ ಹಾಕಿಲ್ಲ. ಮುಳಾ-ಮುಠಾ ಶುದ್ಧೀಕರಣಕ್ಕೆ ಜಪಾನಿನ ನೆರವಿನಿಂದ, ಮೊದಲ ಅಂದಾಜಿನಲ್ಲಿ ಸುಮಾರು 990 ಕೋಟಿಯ, ಯೋಜನೆ ನಡೆದಿದೆ, ನಡೆಯಲೇಬೇಕು. ಆದರೆ ಸಾಮಾನ್ಯ ಒಳಚರಂಡಿ ಘಟಕ ಪೀಫಾಸನ್ನು ಹಿಡಿಯುವುದಿಲ್ಲ. ಕೆಲವು ಪೂರ್ವರೂಪಗಳು ಘಟಕದೊಳಗೇ ಪಿಎಫ್‌ಒಎ ಆಗಿ ಹೊರಬರುವುದೂ ಉಂಟು. ಮನೆಯಲ್ಲಿ ನೀರು ಕುದಿಸಿದರೂ ಹೋಗದು, ನೀರು ಆವಿಯಾದಷ್ಟೂ ಪಾತ್ರೆಯಲ್ಲಿ ಅದು ದಟ್ಟವಾಗುತ್ತದೆ. ಆರ್‌ಒ ಯಂತ್ರ ಹಿಡಿಯುತ್ತದೆ, ಹಿಡಿದದ್ದನ್ನು ಇನ್ನೊಂದು ನಳಿಕೆಯಿಂದ ಬಚ್ಚಲಿಗೆ ಬಿಡುತ್ತದೆ. ಬಚ್ಚಲು ಎಲ್ಲಿಗೆ ಹೋಗುತ್ತದೆಂದು ಮೊದಲೇ ಹೇಳಿದ್ದೇನೆ.

ಕಾನೂನಿನ ಕಡೆ ನೋಡಿದರೆ, ಅಳಿಯದ ವಿಷವಸ್ತುಗಳ ಸ್ಟಾಕ್‌ಹೋಂ ಒಪ್ಪಂದಕ್ಕೆ ಭಾರತ 2006ರಲ್ಲೇ ಸೇರಿತು. ಪಿಎಫ್‌ಒಎಸ್ ಆ ಪಟ್ಟಿಗೆ ಬಂದದ್ದು 2009ರಲ್ಲಿ, ಪಿಎಫ್‌ಒಎ 2019ರಲ್ಲಿ. ಹೊಸದಾಗಿ ಸೇರಿದ ಪ್ರತಿಯೊಂದಕ್ಕೂ ನಮ್ಮ ಸರ್ಕಾರ ಬೇರೆಯಾಗಿ ಒಪ್ಪಿಗೆ ಕೊಡಬೇಕು. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಏಳು ರಾಸಾಯನಿಕಗಳಿಗೆ ಒಪ್ಪಿಗೆ ಕೊಟ್ಟಿತು, ಆ ಏಳರಲ್ಲಿ ಇವೆರಡೂ ಇರಲಿಲ್ಲ. ಇದರ ಜೊತೆಗೆ ಇನ್ನೊಂದು ಸಂಗತಿ. ಇಟಲಿಯ ವಿಚೆಂಜಾದ ಬಳಿ ಮಿತೆನಿ ಎಂಬ ಪೀಫಾಸ್ ಕಾರ್ಖಾನೆ ಲಕ್ಷಾಂತರ ಜನರ ನೀರು ಕೆಡಿಸಿ 2018ರಲ್ಲಿ ದಿವಾಳಿಯಾಯಿತು. ಅದರ ಅಧಿಕಾರಿಗಳಲ್ಲಿ ಹನ್ನೊಂದು ಜನಕ್ಕೆ 2025ರ ಜೂನ್‌ನಲ್ಲಿ ಜೈಲು ಶಿಕ್ಷೆಯಾಯಿತು. ಹರಾಜಿನಲ್ಲಿ ಆ ಕಾರ್ಖಾನೆಯ ಯಂತ್ರಗಳನ್ನು ಕೊಂಡದ್ದು ಭಾರತದ ಒಂದು ಕಂಪನಿ. ಅವು ಹಡಗೇರಿ ಬಂದು ಇಳಿದದ್ದು ನಮ್ಮ ಘಟ್ಟದ ಕೆಳಗೆ, ರತ್ನಾಗಿರಿ ಜಿಲ್ಲೆಯ ಲೋಟೆ ಪರಶುರಾಮದಲ್ಲಿ.

ಉಳಿದದ್ದು ಏನು ಮಾಡಬಹುದು ಎಂಬುದು. ನೊರೆಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ಬದಲಾಯಿಸಿ ಎನ್ನುತ್ತೇನೆ. ಫ್ಲೋರಿನ್ ಇಲ್ಲದ ನೊರೆ ಈಗ ಸಿಗುತ್ತದೆ. ಆಸ್ಟ್ರೇಲಿಯಾದ ನಾಗರಿಕ ನಿಲ್ದಾಣಗಳು 2010ರಲ್ಲೇ ಅದಕ್ಕೆ ಬದಲಾದವು, ಲಂಡನ್ನಿನ ಹೀಥ್ರೊ 2012ರಲ್ಲಿ. 2025ರ ಅಕ್ಟೋಬರ್‌ನಲ್ಲಿ ಐರೋಪ್ಯ ಒಕ್ಕೂಟ ಪೀಫಾಸ್ ನೊರೆಯನ್ನು ಹಂತಹಂತವಾಗಿ ನಿಲ್ಲಿಸುವ ನಿಯಮ ತಂದಿತು. ಹೊಸ ನೊರೆ ಹಳೆಯದರಷ್ಟು ಸುಲಭವಲ್ಲ. ಹೆಚ್ಚು ಸುರಿಯಬೇಕು, ಹೊಡೆಯುವ ಕೈ ಪಳಗಬೇಕು. ಅದಕ್ಕೇ ಅಮೆರಿಕದ ಸೇನೆಯೂ ಹಳೆಯ ನೊರೆಯನ್ನು ಬಿಡುವ ಗಡುವನ್ನು ಮುಂದೂಡಿದೆ. ವಾಹನದ ಹಳೆಯ ಟ್ಯಾಂಕನ್ನು ಒಮ್ಮೆ ತೊಳೆದರೆ ಸಾಲದು, ಗೋಡೆಗೆ ಅಂಟಿದ ಪಿಎಫ್‌ಒಎಸ್ ತಿಂಗಳುಗಟ್ಟಲೆ ಬಿಡುತ್ತಿರುತ್ತದೆ. ತೊಳೆದ ನೀರನ್ನು ಗಟಾರಕ್ಕೆ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಸಣ್ಣ ಸರಪಳಿಯ ಪೀಫಾಸ್ ಹಾಕಿ ನಿರಪಾಯವೆಂದು ಮಾರುವ ನೊರೆಗಳೂ ಇವೆ. ಅವೂ ಅಳಿಯುವುದಿಲ್ಲ, ನೀರಿನಲ್ಲಿ ಇನ್ನೂ ವೇಗವಾಗಿ ಓಡುತ್ತವೆ. ಅಭ್ಯಾಸಕ್ಕಾದರೆ ಬರೀ ನೀರು, ಇಲ್ಲವೇ ಗ್ಯಾಸಿನ ಕೃತಕ ಬೆಂಕಿ ಸಾಕು.

ಇವೆಲ್ಲ ಅಧಿಕಾರದಲ್ಲಿರುವವರ ಕೆಲಸ. ನಮ್ಮ ಕೈಲಾಗುವುದು ಅಳೆಯುವುದು. ಇದಕ್ಕೆ ಬೇಕಾದ ಯಂತ್ರ ಸಣ್ಣದಲ್ಲ, ಆದರೆ 1950ರಿಂದ ರಾಷ್ಟ್ರೀಯ ರಸಾಯನ ಪ್ರಯೋಗಾಲಯ ಇರುವ ಊರು ಇದು, ಅಂಥ ಕೈಗಳಿಗೆ ಇಲ್ಲಿ ಕೊರತೆಯಿಲ್ಲ. ಕಷ್ಟವಿರುವುದು ನೀರು ತುಂಬಿಸಿಕೊಳ್ಳುವಲ್ಲಿ. ಬಾಟಲಿ ಪಾಲಿಪ್ರೊಪಿಲೀನಿನದ್ದಾಗಬೇಕು, ಮುಚ್ಚಳದೊಳಗೆ ಟೆಫ್ಲಾನ್ ಬಿಲ್ಲೆ ಇರಬಾರದು. ನಲ್ಲಿಗೆ ಸುತ್ತುವ ಬಿಳಿ ಟೇಪು ಕೈಗೆ ತಾಗಬಾರದು. ಹಿಂದಿನ ಸಂಜೆ ಬರ್ಗರಿನ ಕಾಗದ ಮುಟ್ಟಿದ ಕೈಯನ್ನು ಚೆನ್ನಾಗಿ ತೊಳೆದಿರಬೇಕು. ಹಲವು ಸಲ ಒಗೆದ ಹತ್ತಿಬಟ್ಟೆ ಉಡಬೇಕು. ನೀರು ಹೀರದ ಹೊಸ ಜಾಕೆಟ್ಟು ತೊಟ್ಟು ಹೋದರೆ ಅಳೆಯುವುದು ನದಿಯನ್ನಲ್ಲ, ಜಾಕೆಟ್ಟನ್ನು. ಜೊತೆಗೆ ಪ್ರಯೋಗಾಲಯದ ಶುದ್ಧ ನೀರಿನ ಒಂದು ಬಾಟಲಿಯನ್ನೂ ಒಯ್ದು, ದಂಡೆಯಲ್ಲೇ ಮುಚ್ಚಳ ತೆಗೆದು ಮುಚ್ಚಿ, ಹಾಗೇ ಮರಳಿ ತರಬೇಕು. ಅದರಲ್ಲಿ ಪೀಫಾಸ್ ಸಿಕ್ಕರೆ ದೋಷ ನಮ್ಮ ಕೈಯದು.

ಬಾಟಲಿಗಳು ಎಲ್ಲೆಲ್ಲಿ ತುಂಬಬೇಕೆಂದು ಹಳೆಯ ವಿದ್ಯಾರ್ಥಿಗಳ ಜೊತೆ ಕೂತು ಗುರುತು ಹಾಕಿದ್ದೇವೆ. ದಿಬ್ಬದ ಎರಡೂ ಇಳಿಜಾರಿನ ನಾಲೆಗಳು, ಅವು ಸೇರುವ ಮೊದಲಿನ ಮತ್ತು ಸೇರಿದ ನಂತರದ ನದಿ, ತುಳಾಪುರ, ಥೇವೂರು, ಭಿಗವಣ, ಧೂಳಖೇಡ. ಮಳೆಗಾಲದಲ್ಲಿ ಒಮ್ಮೆ, ನದಿ ತೆಳುವಾದಾಗ ಒಮ್ಮೆ. ಕೊನೆಯ ಬಾಟಲಿ ನಮ್ಮೂರಿನದು, ಅದನ್ನು ನಾನೇ ತುಂಬುತ್ತೇನೆ. ಮಗಳು ಕೊಡಿಸಿದ ರೇನ್‌ಕೋಟನ್ನು ಮಾತ್ರ ಪುಣೆಯಲ್ಲೇ ಬಿಟ್ಟು ಹೋಗಬೇಕು.